ಕೆರೆಗಿಳಿಯುವ ಬಸ್ಸು

ಬ್ರಹ್ಮಾವರದಿಂದ ಬೈಂದೂರಿಗೆ ಹೋಗುವ ನಂದಾದೀಪ ಬಸ್ಸು ದಿನಾ ಬೆಳಿಗ್ಗೆ ಎಂಟೂ ಹತ್ತಕ್ಕೆ ಸರಿಯಾಗಿ ಕಡ್ಲೆಬೈಲಿನ ಕೆರೆಗೆ ಇಳಿಯುತ್ತಿತ್ತು. ಆರು ನಿಮಿಷ ನೀರಿನಲ್ಲಿದ್ದು, ಅದರಲ್ಲಿ ನಾಲ್ಕು ನಿಮಿಷ ಒಂದೇ ಕಡೆ ನಿಂತು, ಆಮೇಲೆ ದಡ ಹತ್ತಿ ಕೋಟೇಶ್ವರದ ದಾರಿ ಹಿಡಿಯುತ್ತಿತ್ತು. ಇದನ್ನು ಕಂಡುಹಿಡಿದವನು ಬಸ್ಸಿನ ಮಾಲಕರ ಮಗ ರತನ್. ಬಸ್ಸು ಎಲ್ಲಿದೆ, ಎಷ್ಟು ಹೊತ್ತು ನಿಂತಿದೆ ಎಂದು ಕುಂದಾಪುರದ ಆಫೀಸಿನಲ್ಲಿ ಕೂತೇ ನೋಡಲು ಅವನು ಬಸ್ಸಿಗೊಂದು ಜಿಪಿಎಸ್ ಪೆಟ್ಟಿಗೆ ಹಾಕಿಸಿದ್ದ. ಅವನ ಮೊಬೈಲಿನ ಮ್ಯಾಪಿನಲ್ಲಿ ಹೈವೇ ಒಂದು ಹಳದಿ ಗೆರೆ, ಕೆರೆ ಒಂದು ನೀಲಿ ಕಲೆ, ನಂದಾದೀಪ ಒಂದು ಕೆಂಪು ಚುಕ್ಕಿ. ಆ ಚುಕ್ಕಿ ಗೆರೆ ಬಿಟ್ಟು ದಿನವೂ ನೀಲಿಯೊಳಗೆ ಮುಳುಗಿ ಏಳುವುದನ್ನು ಒಂದು ವಾರ ನೋಡಿದ ಮೇಲೆ ಅವನು ಡ್ರೈವರ್ ಗುಣಪಾಲನಿಗೆ ಫೋನ್ ಮಾಡಿ, ಬಸ್ಸು ತೊಳೆಯುವುದಾದರೆ ಸಂಜೆ ಶೆಡ್ಡಿನಲ್ಲಿ ತೊಳೆಯಬಾರದೇ, ಜನರನ್ನು ಕೂರಿಸಿಕೊಂಡೇ ತೊಳೆಯಬೇಕೇ ಎಂದು ಕೇಳಿದ.

ಗುಣಪಾಲ ಈ ಸುದ್ದಿ ಹೇಳಿದ್ದು ಸುಗಂಧಿಯ ಹೋಟೆಲಿನ ಬೆಂಚಿನ ಮೇಲೆ ಕೂತು ಚಾ ಕುಡಿಯುತ್ತಾ. ರತನನ ಲೆಕ್ಕದಲ್ಲಿ ಅದು ಕೆರೆಯ ನಟ್ಟನಡುವೆ.

"ಸುಗಂಧಕ್ಕ, ನಿಮ್ ಹೋಟ್ಲ್ ನೀರಂಗಿತ್ತಂಬ್ರ್."

"ಎಂತದ್?"

"ಸಣ್ ದಣಿ ಮೊಬೈಲಂಗೆ ಈ ರಸ್ತಿಯೇ ಇಲ್ಲೆ. ಹೈವೇ ಇತ್ತ್, ಕೆರಿ ಇತ್ತ್. ನಡುಗೆ ನಾವ್ ಮಾತ್ರ ಇಲ್ಲೆ."

ಸುಗಂಧಿ ಬಾಣಲೆಯಲ್ಲಿದ್ದ ಗೋಳಿಬಜೆಯನ್ನು ಹಾಗೇ ಬಿಟ್ಟು ಹೊರಗೆ ಬಂದು ರಸ್ತೆಯನ್ನು ನೋಡಿದಳು. ರಸ್ತೆ ಇದ್ದಲ್ಲೇ ಇತ್ತು. ನಡುವಿನ ಬಿಳಿ ಗೆರೆ ಅರ್ಧ ಅಳಿಸಿದ್ದರೂ ಇತ್ತು. ಬದಿಯ ಮೈಲಿಗಲ್ಲಿನ ಮೇಲೆ ಹದಿನೇಳು ಎಂಬ ಹೈವೇಯ ಹಳೆ ನಂಬರೂ ಇತ್ತು. ಸರಕಾರ ಹದಿನೇಳನ್ನು ತೆಗೆದು ಅರವತ್ತಾರು ಮಾಡಿ ಎಷ್ಟೋ ಕಾಲವಾಗಿದೆ. ಆ ಸುದ್ದಿಯನ್ನು ಕಲ್ಲಿಗೆ ಯಾರೂ ತಿಳಿಸಿರಲಿಲ್ಲ.

ಒಂದು ಕಾಲದಲ್ಲಿ ಮಂಗಳೂರಿನಿಂದ ಗೋವೆಗೆ ಹೋಗುವ ಸಮಸ್ತ ವಾಹನಗಳೂ ಕೋಟ ದಾಟಿದ ಮೇಲೆ ಈ ಕಡ್ಲೆಬೈಲಿನ ಕೆರೆಯನ್ನು ಬಳಸಿ, ಸುಗಂಧಿಯ ಗಂಡ ಚಂದ್ರನ ಹೋಟೆಲಿನ ಮುಂದೆಯೇ ಹೋಗಬೇಕಿತ್ತು. ಚಂದ್ರ ಹೋಟೆಲಿಗೆ 'ಹೋಟೆಲ್ ಹೈವೇ' ಎಂದು ಹೆಸರಿಟ್ಟು ಕೆಂಪು ಅಕ್ಷರದಲ್ಲಿ ಬೋರ್ಡು ಬರೆಸಿದ್ದ. ಅವನು ತೀರಿಕೊಂಡು ಒಂಬತ್ತು ವರ್ಷ. ಅದಾಗಿ ಮೂರು ವರ್ಷಕ್ಕೆ ನಾಲ್ಕು ಪಥದವರು ಬಂದರು. ತಿರುವು ಇಂಜಿನಿಯರುಗಳ ಕಣ್ಣಿಗೆ ಕಸ ಬಿದ್ದ ಹಾಗೆ ಕಂಡಿತೋ ಏನೋ, ಕೆರೆಯ ಆಚೆ ಬದಿಗೆ ಮಣ್ಣು ತುಂಬಿ ಹೈವೇಯನ್ನು ಸೀದಾ ಎಳೆದರು. ಅರ್ಧ ಮೈಲಿ ಹಳೆ ರಸ್ತೆ, ಹನ್ನೊಂದು ಮನೆ, ಒಂದು ಹೋಟೆಲು, ಎಲ್ಲವನ್ನೂ ಬಿಟ್ಟು ಹೈವೇ ಹೋಯಿತು. ಚಂದ್ರ ಇದನ್ನು ನೋಡಲಿಲ್ಲ, ಪುಣ್ಯವಂತ.

ಬಿಟ್ಟು ಹೋದ ರಸ್ತೆಯನ್ನು ಊರಿನವರು ಸುಮ್ಮನೆ ಬಿಡುತ್ತಾರೆಯೇ? ಇಷ್ಟು ಅಗಲದ, ಇಷ್ಟು ನುಣುಪಾದ, ಇಷ್ಟು ಚೆನ್ನಾಗಿ ಬಿಸಿಲು ಕಾಯುವ ಅಂಗಳ ಕುಂದಾಪುರ ತಾಲೂಕಿನಲ್ಲೇ ಇರಲಿಲ್ಲ. ಒಬ್ಬರು ತೆಂಗಿನ ಹೋಳು ಹರಡಿದರು, ಒಬ್ಬರು ಭತ್ತ ಹರಡಿದರು. ಎದುರು ಮನೆಯ ವನಜ ಒಣ ಚಟ್ಲಿ ಮಾರುವವಳು. ಅವಳು ಸಿಗಡಿಯನ್ನು ಬಿಳಿ ಗೆರೆಯ ಎರಡೂ ಬದಿಗೆ ಸಾಲಾಗಿ ಒಣಗಿಸಿದಳು. 'ಅಪಾಯಕಾರಿ ತಿರುವು' ಎಂಬ ಬೋರ್ಡಿನ ಬುಡದಲ್ಲಿ ಆಡುಗಳು ಮಲಗಿದವು.

ಸುಗಂಧಿ ಒಬ್ಬಳೇ ಒಪ್ಪಲಿಲ್ಲ. ಹೋಟೆಲಿಗೆ ನೀರು ತರುವುದು ವನಜಳ ಬಾವಿಯಿಂದ. ದಿನಕ್ಕೆ ಹತ್ತು ಸಲ ರಸ್ತೆ ದಾಟಬೇಕು. ಹತ್ತು ಸಲವೂ ಅವಳು ಕೊಡ ಸೊಂಟಕ್ಕಿಟ್ಟು ರಸ್ತೆಯ ಅಂಚಿನಲ್ಲಿ ನಿಂತು ಬಲಕ್ಕೆ ನೋಡುವಳು, ಎಡಕ್ಕೆ ನೋಡುವಳು, ಮತ್ತೊಮ್ಮೆ ಬಲಕ್ಕೆ ನೋಡುವಳು, ಆಮೇಲೆ ದಾಟುವಳು. ಲಾರಿಗಳ ಕಾಲದಲ್ಲಿ ಎರಡು ಕೋಳಿ, ಒಂದು ನಾಯಿ ಕಳಕೊಂಡು ಕಲಿತ ಅಭ್ಯಾಸ. ಊರಿನವರು ನಗುತ್ತಿದ್ದರು. ಆರು ವರ್ಷ ಆ ರಸ್ತೆಯಲ್ಲಿ ಅವಳನ್ನು ತಾಗಬಹುದಾಗಿದ್ದದ್ದು ಪೇಪರಿನವನ ಸೈಕಲ್ಲು ಮಾತ್ರ.

"ಹೈವೇಯಂಗೆ ಚಟ್ಲಿ ಒಣ್ಸುದಾ ವನಜ? ಬುದ್ಧಿ ಇಲ್ಯಾ ನಿಂಗೆ?" ಎಂದು ಅವಳು ಬೈಯದ ದಿನವಿರಲಿಲ್ಲ.

"ಎಲ್ಲಿತ್ ಹೈವೇ? ಕಾಣ್ಸ್ ಕಾಂಬ," ಎಂದು ವನಜ ಅಲ್ಲಿಂದಲೇ ಕೇಳುವಳು.

ಆಗ ಸುಗಂಧಿಯ ಬಳಿ ಇದ್ದ ಒಂದೇ ಉತ್ತರ ನಂದಾದೀಪ. ಹೊಸ ಹೈವೇ ಉದ್ಘಾಟನೆಯಾದ ಮರುದಿನ ಗುಣಪಾಲ ಅಭ್ಯಾಸಬಲದಿಂದ ಸ್ಟೇರಿಂಗ್ ತಿರುಗಿಸಿ ಹಳೆ ರಸ್ತೆಗೇ ಬಂದುಬಿಟ್ಟಿದ್ದ. ತಪ್ಪು ಗೊತ್ತಾಗಿ ತಲೆ ಕೆರೆದುಕೊಳ್ಳುವಷ್ಟರಲ್ಲಿ ಸುಗಂಧಿ ಚಾ ಹಿಡಿದು ನಿಂತಿದ್ದಳು. ಬಸ್ಸು ನಿಲ್ಲಿಸಿದ ಡ್ರೈವರಿಗೆ ಮೊದಲ ಚಾ, ಅದಕ್ಕೆ ದುಡ್ಡಿಲ್ಲ, ಅವನು ಕುಡಿಯುವ ತನಕ ಬೇರೆ ಗಿರಾಕಿಗೆ ಚಾ ಇಲ್ಲ. ಇದು ಚಂದ್ರನ ಕಾಲದಿಂದ ಬಂದ ಪದ್ಧತಿ. ಗುಣಪಾಲನಿಗೆಂದೇ ಬಾಯಿ ಸ್ವಲ್ಪ ಜಜ್ಜಿದ ಒಂದು ಸ್ಟೀಲು ಲೋಟ ಬೇರೆಯೇ ಇತ್ತು. ಮರುದಿನವೂ ಬಂದ. ಆರು ವರ್ಷವೂ ಬಂದ. ಹತ್ತುವವರು ತಿಂಗಳಿಗೊಮ್ಮೆ ಪೆನ್ಶನ್ ತರಲು ಹೋಗುವ ಪ್ರೇಮಾನಂದ ಮಾಸ್ಟ್ರು ಒಬ್ಬರೇ. ಆದರೆ ಸುಗಂಧಿಗೆ ಅದು ಮುಖ್ಯವಲ್ಲ. ಬಸ್ಸು ಬರುವ ತನಕ ಅದು ರಸ್ತೆ, ಬಾರದಿದ್ದರೆ ವನಜಳ ಅಂಗಳ. ರಸ್ತೆಯಿದ್ದರೆ ಅವಳದ್ದು ಹೋಟೆಲು, ಇಲ್ಲದಿದ್ದರೆ ಒಬ್ಬಂಟಿ ಹೆಂಗಸು ಯಾರಿಗೂ ಬೇಡದ ಚಾ ಕಾಯಿಸುವ ಒಂದು ಹಂಚಿನ ಮಾಡು.

"ಗುರುವಾರದಿಂದ ಮೂರ್ ದಿನ ಸಣ್ ದಣಿ ಬಸ್ಸಂಗೇ ಬತ್ರಂಬ್ರ್," ಎಂದ ಗುಣಪಾಲ. "ಆರ್ ನಿಮಿಷಕ್ಕೆ ತಕ್ಕ ಜನ ಇಲ್ಲಿ ಹತ್ತದಿರೆ ಸೋಮವಾರದಿಂದ ಸೀದಾ ಹೈವೇ. ನಮ್ ಹಿಂದೆ ಐದ್ ನಿಮಿಷಕ್ಕೆ ಸ್ವರ್ಣಗೌರಿ ಬಸ್ಸಿತ್ತಲೆ, ನಾವ್ ಇಲ್ಲಿ ಚಾ ಕುಡಿವತಿಗೆ ಅದ್ ಹೈವೇಯಂಗೆ ಮುಂದ್ ಹೋಯಿ ಕೋಟೇಶ್ವರದ ಜನ ಎಲ್ಲಾ ಬಾಚ್ಕಂಡ್ ಹೋತ್."

ಅವನು ಲೋಟ ಇಟ್ಟು ಹೋದ. ಬಾಣಲೆಯಲ್ಲಿದ್ದ ಗೋಳಿಬಜೆ ಇದ್ದಿಲಾಗಿತ್ತು.

ಸುಗಂಧಿ ಅಳುತ್ತಾ ಕೂರುವ ಹೆಂಗಸಲ್ಲ. ಅದೇ ಮಧ್ಯಾಹ್ನ ಹೋಟೆಲಿಗೆ ಬಾಗಿಲು ಹಾಕಿ ಹನ್ನೊಂದು ಮನೆಗೂ ಹೋದಳು, ಮದುವೆಗೆ ಕರೆಯುವವರ ಹಾಗೆ. ಗುರುವಾರ, ಶುಕ್ರವಾರ, ಶನಿವಾರ ಪ್ರತಿ ಮನೆಯಿಂದ ಇಬ್ಬರಾದರೂ ಎಂಟೂ ಹತ್ತರ ಬಸ್ಸಿಗೆ ಕುಂದಾಪುರಕ್ಕೆ ಹೋಗಬೇಕು. ಯಾಕೆ ಎಂದು ಕೇಳಿದವರಿಗೆ, ಬಸ್ಸು ಬರುವುದೇ ತಪ್ಪಿದರೆ ನಾಳೆ ಹೆರಿಗೆಗೋ ಹಾವು ಕಚ್ಚಿದ್ದಕ್ಕೋ ಏನು ಮಾಡುತ್ತೀರಿ ಎಂದಳು. ಮಾಸ್ಟ್ರಿಗೆ ಪೌರಧರ್ಮ ಎಂದಳು. ವನಜಳ ಹತ್ತಿರ ಮಾತ್ರ ಕಷ್ಟವಾಯಿತು.

"ಬಸ್ ನಿಂತ್ರೆ ನಂಗೆ ಒಳ್ಳೆದೇ," ಎಂದಳು ವನಜ. "ಎಂಟ್ ಗಂಟಿಗೆ ಚಟ್ಲಿ ಎತ್ತುದ್, ಎಂಟೂಕಾಲಿಗೆ ಹರ್ಡುದ್. ಸೊಂಟ ಹೋಯ್ತ್ ನಂದ್."

"ಇನ್ ಮೇಲೆ ಬೈತಿಲ್ಲೆ ನಿಂಗೆ."

"ಯಾವತ್ತೂ?"

ಸುಗಂಧಿ ರಸ್ತೆಯ ಮೇಲಿದ್ದ ಚಟ್ಲಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ದೊಡ್ಡ ಬೆಲೆ ಅದು. "ಒಂದ್ ತಿಂಗ್ಳ್," ಎಂದಳು. ವನಜ ಒಪ್ಪಿದಳು.

ತಿರುವಿನ ಕೊನೆಯ ಮನೆ ಪದ್ದಜ್ಜಿಯದ್ದು. ವಯಸ್ಸು ಎಂಬತ್ತು ದಾಟಿದೆ, ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಜನ್ಮದಲ್ಲಿ ಸುಳ್ಳು ಹೇಳಿದವಳಲ್ಲ, ಹೇಳಬೇಕಾದ ಕಡೆಯೂ ಹೇಳಿದವಳಲ್ಲ. ಕುಂದಾಪುರದಲ್ಲಿ ಹೈವೇ ಊರಿನ ತಲೆಯ ಮೇಲೆಯೇ ಹೋಗುತ್ತದೆಯಂತೆ, ಅದನ್ನು ನೋಡಿ ಸಾಯಬೇಕು ಎಂದು ಅವಳು ಕರೆಯುವ ಮೊದಲೇ ಹೊರಟಳು. ಸುಗಂಧಿ ಅಲ್ಲೇ ಹುಷಾರಾಗಬೇಕಿತ್ತು.

ಗುರುವಾರ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆದಾಗ ಹೋಟೆಲಿನ ಮುಂದೆ ಇಪ್ಪತ್ತೆರಡು ಜನ ನಿಂತಿದ್ದರು. ಜನ ಸೇರಿಸುವುದರಲ್ಲಿ ಸುಗಂಧಿ ತಪ್ಪಲಿಲ್ಲ. ಹೇಳುವುದರಲ್ಲಿ ಒಂದು ತಪ್ಪಿತ್ತು. ಹೇಗೆ ಬರಬೇಕು ಎಂದು ಹೇಳಿರಲಿಲ್ಲ. ನಮ್ಮ ಕಡೆಯವರು ಮನೆ ಮಂದಿಯೆಲ್ಲ ಒಟ್ಟಿಗೆ ಒಂದೇ ಬಸ್ಸಿಗೆ ಹತ್ತುವುದೆಂದರೆ ಅದು ಮದುವೆಯ ದಿಬ್ಬಣಕ್ಕೇ. ಹಾಗಾಗಿ ಹೆಂಗಸರು ಜರಿಸೀರೆ ಉಟ್ಟು ಮಲ್ಲಿಗೆ ಮುಡಿದಿದ್ದರು, ಗಂಡಸರು ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟಿದ್ದರು. ಒಬ್ಬರ ಕೈಯಲ್ಲೂ ಚೀಲವಿಲ್ಲ. ಕಂಡಕ್ಟರ್ ಸುಧೀರ್ ಬಾಗಿಲಲ್ಲಿ ನಿಂತವನು ಒಂದು ಕ್ಷಣ ಟಿಕೇಟು ಹರಿಯುವುದನ್ನೇ ಮರೆತ.

ರತನ್ ಮುಂದಿನ ಸೀಟಿನಿಂದ ಇಳಿದು ಬಂದ. ಇಪ್ಪತ್ತಾರು ವರ್ಷದ ತೆಳ್ಳಗಿನ ಹುಡುಗ, ಮೊಬೈಲಿನಿಂದ ಕಣ್ಣು ತೆಗೆಯುವವನಲ್ಲ. ಮೊಬೈಲು ನೋಡಿದ, ನೆಲ ನೋಡಿದ, ಒಮ್ಮೆ ಕಾಲಿನಿಂದ ಡಾಂಬರನ್ನು ಒತ್ತಿ ನೋಡಿದ. "ಇಲ್ಲಿ ರಸ್ತೆ ಉಂಟಲ್ಲ," ಎಂದ.

"ಇತ್ತ್ ಮಾರಾಯ್ರೆ. ಕೂಕಣಿ, ಚಾ ತಕಣಿ," ಎಂದಳು ಸುಗಂಧಿ.

"ಇವ್ರೆಲ್ಲ ದಿನಾ ಹೋಪೋರಾ?"

"ದಿನಾ," ಎಂದಳು ಸುಗಂಧಿ. ವನಜ ಸೆರಗು ಬಾಯಿಗೆ ಅಡ್ಡ ಹಿಡಿದು ಕೆಮ್ಮಿದಳು.

ಕುಂದಾಪುರದಲ್ಲಿ ಇಳಿದ ಮೇಲೆ ಏನು ಮಾಡಬೇಕೆಂದೂ ಸುಗಂಧಿ ಹೇಳಿರಲಿಲ್ಲ. ನಂದಾದೀಪ ಬೈಂದೂರಿಗೆ ಹೋಗಿ ತಿರುಗಿ ಬರುವುದು ಹನ್ನೊಂದೂವರೆಗೆ. ಮೊದಲ ದಿನ ಇಪ್ಪತ್ತೆರಡೂ ಜನ ಮೂರು ಗಂಟೆ ಬಸ್ಟ್ಯಾಂಡಿನ ಬೆಂಚಿನಲ್ಲಿ ಸಾಲಾಗಿ ಕೂತು ಬಂದರು. ಅಲ್ಲಿದ್ದ ಸ್ವರ್ಣಗೌರಿಯ ಕಂಡಕ್ಟರ್ ಎರಡು ಸಲ ಬಂದು, ಮದುವೆ ಹಾಲಿಗೆ ದಾರಿ ಗೊತ್ತಿಲ್ಲವೇ ಎಂದು ವಿಚಾರಿಸಿದನಂತೆ.

ಎರಡನೆಯ ದಿನ ಕೂತು ಕೂತು ಬೇಜಾರಾಗಿ ಒಬ್ಬೊಬ್ಬರೇ ಎದ್ದರು. ಪ್ರೇಮಾನಂದ ಮಾಸ್ಟ್ರು ಸುತ್ತಾಡುತ್ತಾ ಹೋಗಿ ಲೈಬ್ರರಿ ಕಂಡರು. ಅಲ್ಲಿ ಏಳು ಪೇಪರು ಬರುತ್ತದೆ, ಅದೂ ಯಾರೂ ಪದಬಂಧ ತುಂಬಿಸದ ಪೇಪರು. ವನಜ ಸುಮ್ಮನೆ ಹೋಗುವುದು ಯಾಕೆಂದು ಒಂದು ಪೊಟ್ಟಣ ಚಟ್ಲಿ ಹಿಡಿದುಕೊಂಡು ಹೋಗಿದ್ದಳು. ಒಬ್ಬ ಊಟದ ಹೋಟೆಲಿನವನು ಮೂಸಿ ನೋಡಿ ನಾಳೆ ಎಷ್ಟು ತರುತ್ತೀರಿ ಎಂದು ಕೇಳಿದ. ಪದ್ದಜ್ಜಿ ಫ್ಲೈಓವರಿನ ಅಡಿಯ ನೆರಳಲ್ಲಿ ಮಲ್ಲಿಗೆ ಮಾರುತ್ತಿದ್ದ ಒಬ್ಬಳನ್ನು ನಿಂತು ನೋಡಿದಳು, ಅವಳೂ ಇವಳನ್ನು ನೋಡಿದಳು. ತವರಿನ ನೆರೆಮನೆಯವಳು, ನಲವತ್ತು ವರ್ಷದಿಂದ ಮುಖ ಕಂಡಿರಲಿಲ್ಲ. ಆ ಮೂರು ಗಂಟೆ ಅವರಿಗೆ ಸಾಲಲಿಲ್ಲ. ಇದೆಲ್ಲ ಸುಗಂಧಿಗೆ ಗೊತ್ತಿಲ್ಲ. ಅವಳು ಬಸ್ಸು ತುಂಬಿತು ಎಂಬ ಖುಷಿಯಲ್ಲೇ ಇದ್ದಳು.

ಶನಿವಾರ ರತನ್ ಬೆಂಚಿನಲ್ಲಿ ಕೂತು ಎರಡನೆಯ ಗೋಳಿಬಜೆಗೆ ಚಟ್ನಿ ಹಚ್ಚುತ್ತಾ, ಕಡ್ಲೆಬೈಲನ್ನು ಟೈಮಿಂಗಿನಲ್ಲೇ ಸೇರಿಸುವುದೆಂದು ಗುಣಪಾಲನಿಗೆ ಹೇಳುತ್ತಿದ್ದ. ಸುಗಂಧಿಯ ಎದೆ ತಣ್ಣಗಾಯಿತು. ಗಂಡನ ಫೋಟೋದ ಕಡೆ ಒಮ್ಮೆ ನೋಡಿದಳು. ರತನ್ ಸಾಕು ಎಂದು ಎದ್ದಿದ್ದರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಆದರೆ ಒಳ್ಳೆಯ ಮನೆಯ ಹುಡುಗ, ಪಕ್ಕದಲ್ಲಿ ಅಜ್ಜಿ ಕೂತಿರುವಾಗ ಮಾತಾಡಿಸದೆ ಇರುವುದು ಹೇಗೆ?

"ಅಜ್ಜಿ, ನೀವ್ ದಿನಾ ಕುಂದಾಪ್ರಕ್ಕೆ ಎಂತಕ್ಕೆ ಹೋಪ್ದ್?"

"ನಂಗೆಂತ ಕೆಲ್ಸ ಮಗಾ," ಎಂದಳು ಪದ್ದಜ್ಜಿ. "ನಿಂಗೆ ಕಾಂಬುಕೆ ಅಂದೇಳಿ ಸುಗಂಧಿ ಹತ್ಸಿದ್ದ್. ಮೂರ್ ದಿನ ಬಸ್ ತುಂಬ್ಸ್ಕ್ ಅಂದ್ಲ್. ಇವತ್ತಿಗೆ ಮುಗೀತ್."

ಇಪ್ಪತ್ತೊಂದು ಜನ ಜರಿಸೀರೆ, ಬಿಳಿ ಪಂಚೆಯಲ್ಲಿ ನೆಲ ನೋಡುತ್ತಾ ನಿಂತರು. ಗುಣಪಾಲ ಖಾಲಿ ಲೋಟವನ್ನೇ ಇನ್ನೊಮ್ಮೆ ಕುಡಿದ. ಆ ಕ್ಷಣಕ್ಕೆ ನೆಲ ಬಾಯಿಬಿಟ್ಟಿದ್ದರೆ ಸುಗಂಧಿ ಒಲೆಯನ್ನೂ ಆರಿಸದೆ ಇಳಿಯುತ್ತಿದ್ದಳು.

ರತನ್ ಬೈಯಲಿಲ್ಲ. ಬೈದಿದ್ದರೆ ಅವಳು ನಾಲ್ಕು ಮಾತು ತಿರುಗಿಸಿ ಹೇಳಿ ಹಗುರಾಗುತ್ತಿದ್ದಳು. ಕೈ ತೊಳೆದು ಬಂದು ಹೇಳಿದ, "ಅಕ್ಕ, ಚಾ ಚಂದಿತ್ತ್. ಬಜೆಯೂ ಚಂದಿತ್ತ್. ಆದ್ರೆ ಇಷ್ಟಕ್ಕೇ ಬಸ್ ತಿರ್ಗ್ಸುಕೆ ಆತಿಲ್ಲೆ. ಸೋಮವಾರದಿಂದ ಸೀದಾ."

ಆ ಸಂಜೆ ಸುಗಂಧಿ ಎಲ್ಲರ ಮನೆಗೂ ಹೋಗಿ ಬಸ್ಸು ಇನ್ನು ಬರುವುದಿಲ್ಲ, ನಿಮಗೆ ಸುಮ್ಮನೆ ತೊಂದರೆ ಕೊಟ್ಟೆ ಎಂದು ಹೇಳಿ ಬಂದಳು. ಪದ್ದಜ್ಜಿಯ ಮೇಲೆ ಸಿಟ್ಟು ಮಾಡಬೇಕೆಂದು ಹೊರಟವಳಿಗೆ ಅಲ್ಲಿ ಹೋದಾಗ ಮನಸ್ಸು ಬರಲಿಲ್ಲ. ಸುಳ್ಳು ತನ್ನದು, ನಿಜ ಅಜ್ಜಿಯದ್ದು, ಜಗಳಕ್ಕೆ ಜಾಗವೆಲ್ಲಿ?

ಸೋಮವಾರ ಬೆಳಿಗ್ಗೆ ಅವಳು ಒಲೆ ಹಚ್ಚಿದಳು, ಯಾಕೆಂದು ಗೊತ್ತಿಲ್ಲದೆ. ಕೊಡ ಹಿಡಿದು ಬಾವಿಗೆ ಹೊರಟವಳು ಬಲಕ್ಕೂ ನೋಡಲಿಲ್ಲ, ಎಡಕ್ಕೂ ನೋಡಲಿಲ್ಲ, ಅಂಗಳ ದಾಟಿದ ಹಾಗೆ ದಾಟಿದಳು. ನೀರು ತಂದಿಟ್ಟು ಅಟ್ಟದಿಂದ ಚಾಪೆ ಇಳಿಸಿ, ಹಿಂದಿನ ದಿನ ತಟ್ಟಿದ್ದ ಹಲಸಿನ ಹಪ್ಪಳವನ್ನೆಲ್ಲ ರಸ್ತೆಯ ನಡುವೆ, ಬಿಳಿ ಗೆರೆಯ ಮೇಲೆಯೇ ಹರಡಿದಳು. ಆರು ವರ್ಷದಲ್ಲಿ ಮೊದಲ ಸಲ. ಹರಡುವಾಗ ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ. ಹಪ್ಪಳಕ್ಕೆ ಹೇಗೂ ಉಪ್ಪು ಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

ತಲೆ ಎತ್ತಿದರೆ ಎದುರಿಗೆ ವನಜ ನಿಂತಿದ್ದಾಳೆ. ಜರಿಸೀರೆಯಲ್ಲ, ದಿನದ ಸೀರೆ. ಕೈಯಲ್ಲಿ ಎರಡು ದೊಡ್ಡ ಚೀಲ ಚಟ್ಲಿ. ಅವಳ ಹಿಂದೆ ಮಾಸ್ಟ್ರು, ಕಿಸೆಯಲ್ಲಿ ಕನ್ನಡಕ, ಪೆನ್ಸಿಲು. ಅವರ ಹಿಂದೆ ಕೋಲೂರಿಕೊಂಡು ಪದ್ದಜ್ಜಿ, ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಕೊಟ್ಟೆ ಕಡುಬು. ಒಟ್ಟು ಹದಿನಾಲ್ಕು ಜನ.

"ಎಂತ ಇದ್?" ಎಂದಳು ಸುಗಂಧಿ.

"ಬಸ್ಸಿಗೆ," ಎಂದಳು ವನಜ.

"ಬಸ್ ಬತ್ತಿಲ್ಲೆ ಅಂದೇಳಿ ಮೊನ್ನೆಯೇ ಹೇಳಿದ್ನಲೆ."

"ಹಾಂಗಂದ್ರೆ ಆತ್ತಾ? ಹೋಟ್ಲಿನವ್ರಿಗೆ ಎರ್ಡ್ ಕೇಜಿ ಚಟ್ಲಿ ತತ್ತೆ ಅಂದಿದೆ. ಅಭ್ಯಾಸ ಮಾಡ್ಸಿದ್ ಯಾರ್?"

ಮಾಸ್ಟ್ರು ತನ್ನ ಪದಬಂಧ ಅರ್ಧಕ್ಕೆ ನಿಂತಿದೆ ಎಂದರು. ಪದ್ದಜ್ಜಿ ತನ್ನ ಗೆಳತಿಗೆ ಕಡುಬು ತರುತ್ತೇನೆಂದು ಮಾತು ಕೊಟ್ಟಿದ್ದೇನೆ, ತಾನು ಸುಳ್ಳು ಹೇಳುವವಳಲ್ಲ ಎಂದಳು. ಹೈವೇಗೆ ನಡೆದು ಹೋಗಿ ಹತ್ತಿ ಎಂದು ಸುಗಂಧಿ ಹೇಳಿದರೆ, ಆ ಬಿಸಿಲಿನಲ್ಲಿ ನಾಲ್ಕು ಪಥ ದಾಟಿ ನಿಲ್ಲಲು ತಾವೇನು ಮಿಲಿಟರಿಯವರೇ ಎಂದು ಎಲ್ಲರೂ ಒಟ್ಟಿಗೆ ಅವಳ ಮೇಲೆ ಬಿದ್ದರು. ಆಗ ಕೆರೆಯ ಆಚೆ, ಎತ್ತರದ ಹೈವೇಯಲ್ಲಿ ನಂದಾದೀಪ ಸೀದಾ ಹಾದುಹೋಯಿತು. ಗುಣಪಾಲ ಉದ್ದಕ್ಕೆ ಒಂದು ಹಾರ್ನ್ ಹೊಡೆದ. ಸ್ಟೀಲು ಲೋಟ ಮೇಜಿನ ಮೇಲೆ ಕವುಚಿ ಇತ್ತು.

ಅದಾಗಿ ಐದು ನಿಮಿಷಕ್ಕೆ ತಿರುವಿನ ಆಚೆಯಿಂದ ಇನ್ನೊಂದು ಹಾರ್ನ್ ಕೇಳಿತು. ಗುಣಪಾಲನದ್ದಲ್ಲ, ನಾದಸ್ವರದ ಹಾಗೆ ಕೊಯ್ಯುವ ಹೊಸ ನಮೂನೆಯ ಹಾರ್ನ್. ಆಡುಗಳು ಎದ್ದು ಓಡಿದವು. ಹಸಿರು ಬಣ್ಣದ ದೊಡ್ಡ ಬಸ್ಸೊಂದು ತಿರುಗಿ ಬಂದು ಹಪ್ಪಳದ ಚಾಪೆಗೆ ಒಂದು ಮೊಳ ಇರುವಾಗ ಗಕ್ಕನೆ ನಿಂತಿತು. ಹಣೆಯ ಮೇಲೆ ಸ್ವರ್ಣಗೌರಿ ಎಂದು ಬರೆದಿತ್ತು. ನಮ್ಮ ಕಡೆಯ ಖಾಸಗಿ ಬಸ್ಸಿನವರಿಗೆ ತಮ್ಮ ಬಸ್ಸಿನ ಜನಕ್ಕಿಂತ ಪಕ್ಕದ ಬಸ್ಸಿನ ಜನವನ್ನು ಎಣಿಸುವುದೇ ಹೆಚ್ಚು ಅಭ್ಯಾಸ. ಮೂರು ದಿನ ನಂದಾದೀಪದಿಂದ ಇಪ್ಪತ್ತೆರಡು ಜನ ಇಳಿದದ್ದನ್ನು ಕುಂದಾಪುರದಲ್ಲಿ ಎಣಿಸಿದವರು, ಕಡ್ಲೆಬೈಲಿನಲ್ಲಿ ದಿನಾ ಮದುವೆಯಾದರೂ ನಮಗೇನು, ಜನ ಸಿಕ್ಕಿದರೆ ಸೈ ಎಂದು ಬಂದಿದ್ದರು.

ಡ್ರೈವರ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ.

"ಹ್ವಾಯ್, ಹೈವೇಯಂಗೆ ಹಪ್ಳ ಒಣ್ಸುದಾ? ಬುದ್ಧಿ ಇಲ್ಯಾ ನಿಮ್ಗೆ?"

ಆರು ವರ್ಷ ಊರಿಗೆಲ್ಲ ಆ ಮಾತು ಹೇಳಿದವಳು ಸುಗಂಧಿ. ಅವಳಿಗೆ ಇನ್ನೊಬ್ಬರು ಹೇಳಿದ್ದು ಇದೇ ಮೊದಲು. ಬೈಗುಳ ಕೇಳಿ ಇಷ್ಟು ಸಂತೋಷವಾದದ್ದು ಅವಳಿಗೆ ನೆನಪಿಲ್ಲ. ವನಜ ಸೊಂಟಕ್ಕೆ ಕೈಯಿಟ್ಟು ಅವಳನ್ನೇ ನೋಡುತ್ತಿದ್ದಳು. ಸುಗಂಧಿ ಚಾಪೆಯ ಎರಡು ತುದಿ ಹಿಡಿದಳು, ಉಳಿದೆರಡು ತುದಿಯನ್ನು ವನಜ ಹಿಡಿದಳು. ಬಸ್ಸು ಮುಂದೆ ಬಂದು ನಿಂತಿತು. ಪದ್ಧತಿಯೆಂದರೆ ಪದ್ಧತಿ, ಸುಗಂಧಿ ಆ ಡ್ರೈವರಿಗೂ ಮೊದಲ ಚಾ ಕೊಟ್ಟಳು, ದುಡ್ಡು ತೆಗೆದುಕೊಳ್ಳಲಿಲ್ಲ. ಆದರೆ ಗಾಜಿನ ಲೋಟದಲ್ಲಿ ಕೊಟ್ಟಳು. ಸ್ಟೀಲು ಲೋಟವನ್ನು ತೆಗೆದು ಒಳಗಿಟ್ಟಳು.

ಕುಂದಾಪುರದ ಬಸ್ಟ್ಯಾಂಡಿನಲ್ಲಿ ಅವತ್ತು ಹದಿನಾಲ್ಕು ಜನ ಚೀಲ, ಕಡುಬು, ಪೆನ್ಸಿಲಿನ ಸಮೇತ ಸ್ವರ್ಣಗೌರಿಯಿಂದ ಇಳಿದದ್ದನ್ನು ಯಾರು ಎಣಿಸಿದರು ಎಂದು ಬೇರೆ ಹೇಳಬೇಕಾಗಿಲ್ಲ.

ಮಂಗಳವಾರ ಎಂಟು ಗಂಟೆಗೆ, ಅಂದರೆ ಹತ್ತು ನಿಮಿಷ ಮೊದಲೇ, ತಿರುವಿನಲ್ಲಿ ಹಳೆಯ ಹಾರ್ನ್ ಕೇಳಿತು. ಗುಣಪಾಲ ಬೆಂಚಿನ ಮೇಲೆ ಕೂತು ಸ್ಟೀಲು ಲೋಟ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಅವನ ಫೋನ್ ಹೊಡೆಯಿತು. ರತನ್ ಅಷ್ಟು ಗಟ್ಟಿಯಾಗಿ ಮಾತಾಡಬಲ್ಲನೆಂದು ಸುಗಂಧಿಗೆ ಅವತ್ತೇ ಗೊತ್ತಾಗಿದ್ದು. ಬಸ್ಸು ಮತ್ತೆ ಕೆರೆಯಲ್ಲಿದೆ ಎಂದು ಅವನು ಹೇಳುತ್ತಿದ್ದದ್ದು ಬಾಣಲೆಯ ತನಕ ಕೇಳುತ್ತಿತ್ತು.

ಗುಣಪಾಲ ಒಂದು ಗುಟುಕು ಕುಡಿದು ಹೇಳಿದ, "ಹೌದ್ ಸಣ್ ದಣಿ, ಕೆರಿಯಂಗೇ ಇದ್ದೆ. ಕೆರಿಯಂಗೆ ಮೀನಿತ್ತ್. ನಾವ್ ಇಳೀದಿರೆ ಸ್ವರ್ಣಗೌರಿಯವ್ರ್ ಬಲೆ ಹಾಕ್ತ್ರ್. ನಿನ್ನೆ ಹದ್ನಾಲ್ಕ್ ಹಿಡ್ದ್ರ್."

ಆ ಕಡೆ ರತನನ ದನಿ ತಗ್ಗಿತು. ದಿನಾ ಎಂಟಕ್ಕೇ ಇಳಿಯಲು ಆಗುತ್ತದೆಯೇ ಎಂದು ಕೇಳಿದನಂತೆ.

ಅಷ್ಟರಲ್ಲಿ ಸ್ವರ್ಣಗೌರಿಯೂ ತನ್ನ ಹೊತ್ತಿಗಿಂತ ಮೊದಲೇ ಬಂತು. ನಂದಾದೀಪ ದಾರಿ ಬಿಡದೆ ನಿಂತಿತ್ತು, ಅದರ ಹಿಂದೆ ಇದು ನಿಂತು ನಾದಸ್ವರ ಊದಿತು. ಎರಡೂ ಬಸ್ಸಿನ ಕಂಡಕ್ಟರುಗಳು ಇಳಿದು ಪದ್ದಜ್ಜಿಯ ಎರಡು ಕೈ ಹಿಡಿದು ತಮ್ಮ ತಮ್ಮ ಬಸ್ಸಿಗೆ ಕರೆಯತೊಡಗಿದರು. ಅಜ್ಜಿ ಯಾವ ಬಸ್ಸಿನಲ್ಲಿ ಕಿಟಕಿ ಸೀಟು ಇದೆ ಎಂದು ವಿಚಾರಿಸುತ್ತಾ ನಿಂತಳು. ಇದು ಸಾಲದು ಎಂಬಂತೆ ಗಂಗೊಳ್ಳಿಯಿಂದ ಮಂಗಳೂರಿಗೆ ಹೋಗುವ ಒಂದು ಮೀನು ಲಾರಿ ಕೋಟೇಶ್ವರದ ಬದಿಯಿಂದ ಹಳೆ ರಸ್ತೆಗೆ ನುಗ್ಗಿತು. ಎರಡೆರಡು ಬಸ್ಸು ಒಳಗೆ ನಿಂತದ್ದನ್ನು ಆ ಡ್ರೈವರ್ ಎತ್ತರದ ಹೈವೇಯಿಂದಲೇ ಕಂಡಿದ್ದ. ಬಸ್ಸಿನವರು ಸುಮ್ಮನೆ ದಾರಿ ಬದಲಿಸುವವರಲ್ಲ, ಮುಂದೆ ಹೈವೇ ಬಂದ್ ಆಗಿರಬೇಕು ಎಂದು ಅವನ ತರ್ಕ. ಅವನನ್ನು ನೋಡಿ ಅವನ ಹಿಂದೆ ಒಂದು ಟೆಂಪೋ, ಟೆಂಪೋದ ಹಿಂದೆ ಎರಡು ಕಾರು. ಒಬ್ಬರೂ ಹಿಂದೆ ಹೋಗಲು ತಯಾರಿಲ್ಲ. ಎಲ್ಲರೂ ಹಾರ್ನ್ ಹೊಡೆದರು, ಎಲ್ಲರಿಗೂ ಚಾ ಬೇಕಾಯಿತು.

ಹಂಡೆಯಲ್ಲಿ ನೀರು ಮುಗಿದಿತ್ತು. ಸುಗಂಧಿ ಕೊಡ ಸೊಂಟಕ್ಕಿಟ್ಟು ಹೊರಗೆ ಬಂದು ರಸ್ತೆಯ ಅಂಚಿನಲ್ಲಿ ನಿಂತಳು. ಆಚೆ ಬದಿಯಲ್ಲಿ ವನಜ ಚಟ್ಲಿಯನ್ನೆಲ್ಲ ತನ್ನ ಸ್ವಂತ ಅಂಗಳದಲ್ಲಿ ಹರಡಿ, ಹೊಗೆ ಬೀಳುತ್ತದೆ ಎಂದು ಲಾರಿಯವನಿಗೆ ಬೈಯುತ್ತಿದ್ದಳು.

ಸುಗಂಧಿ ಬಲಕ್ಕೆ ನೋಡಿದಳು. ಬಸ್ಸಿತ್ತು, ಅದರ ಹಿಂದೆ ಬಸ್ಸಿತ್ತು. ಎಡಕ್ಕೆ ನೋಡಿದಳು. ಲಾರಿಯಿತ್ತು, ಲಾರಿಯ ಹಿಂದೆ ತಿರುವಿನ ತನಕ ಏನೇನೋ ಇತ್ತು. ಮತ್ತೊಮ್ಮೆ ಬಲಕ್ಕೆ ನೋಡಿದಳು.

"ಸುಗಂಧಕ್ಕ, ದಾಟಿ. ಎಲ್ಲಾ ನಿಂತೇ ಇತ್ತಲೆ," ಎಂದ ಗುಣಪಾಲ ಬೆಂಚಿನಿಂದ.

"ಸುಮ್ನೆ ಕೂಕಣಿ ಗುಣಪಾಲಣ್ಣ," ಎಂದಳು ಸುಗಂಧಿ. "ಹೈವೇ ಇದ್. ಕಂಡ್ಕಂಡ್ ದಾಟ್ಕ್."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಖಾಲಿ ಕೊಡ ಹಿಡಿದು, ರಸ್ತೆ ಬಿಡುವಾಗುವುದನ್ನು ಕಾಯುತ್ತಾ ಅಲ್ಲೇ ನಿಂತಳು.